ಪರದೇಶದ ವ್ಯಾಸಂಗ ಮತ್ತು ವಾರದ ಕೊನೆಯ ಎರಡು ದಿನಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇದನ್ನು ಮಕ್ಕಳಿಗೆ ಹೇಳಿಕೊಟ್ಟ ಹಿರಿಯರೇ, ಮಗನನ್ನು ಪರದೇಶಕ್ಕೆ ಓದಲು ಕಳಿಸಿದ ಮೇಲೆ ಅದರ ಮೊದಲರ್ಧವನ್ನು ಮರೆಯುವುದುಂಟು. ಹೊಲದ ಮೇಲೆ ಸಾಲ ತೆಗೆದು, ದಾನಿಗಳ ನೆರವು ಪಡೆದು ಕಳಿಸಿದ ಮಗನು ಶನಿವಾರ ಒಂದೂರಿನಲ್ಲಿ, ರವಿವಾರ ಇನ್ನೊಂದೂರಿನಲ್ಲಿ ನಿಂತ ಭಾವಚಿತ್ರಗಳು ಮನೆಗೆ ಬಂದಾಗ, ಇವನು ಓದಲು ಹೋದನೋ, ಜಾತ್ರೆ ನೋಡಲು ಹೋದನೋ ಎಂದು ತಂದೆಯ ಮನಸ್ಸು ಕಸಿವಿಸಿಗೊಳ್ಳುತ್ತದೆ. ಈ ಕಳವಳ ನ್ಯಾಯವಾದುದೇ. ಆದರೂ ಅದರಿಂದ ಪ್ರವಾಸವೇ ಬೇಡವೆಂಬ ನಿರ್ಣಯಕ್ಕೆ ಬರುವುದು ಆತುರವಾದೀತು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಓದುವ ನಮ್ಮ ನಾಡಿನ ವಿದ್ಯಾರ್ಥಿಯ ಸ್ಥಿತಿಯನ್ನೇ ನೋಡಬಹುದು. ಅಲ್ಲಿಯ ಸ್ನಾತಕೋತ್ತರ ವ್ಯಾಸಂಗವು ಸಾಮಾನ್ಯವಾಗಿ ಒಂದೇ ವರ್ಷದ್ದು. ಪಾಠಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳವರೆಗೆ ದುಡಿಯಲು ಕಾನೂನು ಅವಕಾಶ ಕೊಡುತ್ತದೆ. ಅನೇಕರ ಶನಿವಾರ, ರವಿವಾರಗಳು ಅಂಗಡಿ, ಉಪಾಹಾರಗೃಹಗಳಲ್ಲಿಯೇ ಸವೆಯುತ್ತವೆ. ಉಳಿಯುವ ಬಿಡುವು ಅತ್ಯಲ್ಪ. ಅದರ ಸದ್ವಿನಿಯೋಗ ಹೇಗೆ ಎಂಬುದೇ ಪ್ರಶ್ನೆ.

ಮ್ಯಾಂಚೆಸ್ಟರಿನಿಂದ ಸುಮಾರು 10 ಮೈಲು ದೂರದಲ್ಲಿ ರಾಚ್‌ಡೇಲ್ ಎಂಬ ಊರಿದೆ. 1844ರ ಡಿಸೆಂಬರ್ 21ರಂದು ಅಲ್ಲಿಯ ಟೋಡ್ ಲೇನ್ ಬೀದಿಯಲ್ಲಿ ನೇಕಾರರೂ ಇತರ ಕಸುಬುದಾರರೂ ಕೂಡಿ ಒಂದು ಅಂಗಡಿ ತೆರೆದರು. ಅವರ ಬಂಡವಾಳ 28 ಪೌಂಡು; ಮಾರಿದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿಗಳಂಥ ಸಾಮಾನು. ಲಾಭವನ್ನು ಸದಸ್ಯರಿಗೆ ಅವರವರ ಖರೀದಿಗೆ ತಕ್ಕಂತೆ ಹಂಚುವ ನಿಯಮವು ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾಯಿತು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಂದು ಅಂಗಡಿ, ಇನ್ನೊಂದು ಪತ್ತಿನ ಸಂಘ. ಬಡವರು ಒಟ್ಟುಗೂಡಿದರೆ ಬಲ ಬರುವುದೆಂಬ ನಂಬಿಕೆ ಎರಡಕ್ಕೂ ಒಂದೇ. ಇದನ್ನರಿತು ಆ ಬೀದಿಯಲ್ಲಿ ನಿಂತ ಯುವಕನಿಗೆ ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಕಣ್ಣೆದುರು ತೆರೆದಂತಾಗುತ್ತದೆ.

ಅದೇ ನಗರದ ಸಮೀಪ ಸ್ಟೈಯಲ್ ಎಂಬಲ್ಲಿ 1784ರಲ್ಲಿ ಕಟ್ಟಿದ ಕ್ವಾರಿ ಬ್ಯಾಂಕ್ ಎಂಬ ನೂಲಿನ ಗಿರಣಿಯಿದೆ. ಅಲ್ಲಿ ದುಡಿದ ಬಡ ಮಕ್ಕಳು ವಾಸಿಸಿದ ಮನೆಯೂ ಉಳಿದಿದೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬಾರದೆ ಲ್ಯಾಂಕಾಶೈರಿನ ಅನೇಕ ಗಿರಣಿಗಳು ನಿಂತಾಗ, ಇತ್ತ ಧಾರವಾಡದ ಹತ್ತಿಗೆ ಬೇಡಿಕೆ ಏರಿತು. 1931ರಲ್ಲಿ ಗಾಂಧೀಜಿಯವರು ಅದೇ ಪ್ರಾಂತದ ಡಾರ್ವೆನ್ ಊರಿಗೆ ಹೋಗಿ, ಸ್ವದೇಶಿ ಚಳವಳಿಯ ಬಿಸಿ ತಟ್ಟಿದ ಗಿರಣಿ ಕಾರ್ಮಿಕರನ್ನು ಕಂಡರು. ನಮ್ಮ ಎರೆಭೂಮಿಗೂ ಆ ಗಿರಣಿಗಳಿಗೂ ಇದ್ದ ನಂಟು ಆ ನೆಲದಲ್ಲಿ ನಿಂತಾಗ ಹೆಚ್ಚು ನಿಚ್ಚಳವಾಗುತ್ತದೆ.

ಇದಕ್ಕೆ ಅಪಾರ ಹಣವೂ ಬೇಡ. ವಿದ್ಯಾರ್ಥಿಗಳಿಗೆ ದೊರೆಯುವ ಕಾರ್ಡಿನಿಂದ ಬಹುತೇಕ ರೈಲು ದರಗಳಲ್ಲಿ ಮೂರನೆಯ ಒಂದು ಪಾಲು ಉಳಿಯುತ್ತದೆ. ಇಂಗ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಸಂಗ್ರಹಗಳಿಗೆ 2001ರ ಡಿಸೆಂಬರಿನಿಂದ ಪ್ರವೇಶ ಶುಲ್ಕವಿಲ್ಲ. ಬುತ್ತಿ ಕಟ್ಟಿಕೊಂಡು ಹೊರಟವನಿಗೆ ಒಂದು ದಿನದ ಪ್ರವಾಸ ಹೊರೆಯಾಗದು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಎರಡು ದಿನದಲ್ಲಿ ನಾಲ್ಕು ಪಟ್ಟಣ ಮುಟ್ಟಿ, ಪ್ರತಿಯೊಂದರೆದುರು ಚಿತ್ರ ತೆಗೆದು, ಸೋಮವಾರದ ತರಗತಿಯಲ್ಲಿ ತೂಕಡಿಸುವುದು ಪ್ರವಾಸವಲ್ಲ, ಅಲೆದಾಟ. ಕೈಗಡ ತಂದು ಸುತ್ತುವುದಂತೂ ಮನೆಯವರಿಗೆ ಬಗೆದ ದ್ರೋಹ. ತಿಂಗಳಿಗೆ ಒಂದೋ ಎರಡೋ ಪ್ರವಾಸ, ಪ್ರವಾಸಕ್ಕೆ ಒಂದೇ ಊರು, ಹೋಗುವ ಮೊದಲು ಆ ಊರಿನ ವಿಷಯವಾಗಿ ಓದು, ಬಂದ ಮೇಲೆ ಎರಡು ಪುಟ ಬರಹ: ಇಷ್ಟು ಶಿಸ್ತು ಸಾಕು.

ಈ ಶಿಸ್ತು ಪರದೇಶದಲ್ಲಿ ಥಟ್ಟನೆ ಹುಟ್ಟುವುದಿಲ್ಲ. ಕಣಗಿನಹಾಳವನ್ನು ಕಾಣದವನಿಗೆ ಟೋಡ್ ಲೇನ್ ಬರಿಯ ಹಳೆಯ ಅಂಗಡಿ. ತನ್ನೂರಿನ ಕೆರೆಯ ತೂಬನ್ನು, ನೇಕಾರರ ಓಣಿಯನ್ನು ನೋಡಿ ನಾಲ್ಕು ಸಾಲು ಬರೆದ ಬಾಲಕನೇ ಮುಂದೆ ಎಲ್ಲಿ ಹೋದರೂ ನೋಡಬಲ್ಲನು. ಆ ಕಣ್ಣನ್ನು ಕೊಡುವವರು ಶಾಲೆಯ ಗುರುಗಳು. ದಾನಿಗಳೂ ತಮ್ಮ ನೆರವು ಪಡೆದವನಿಂದ ಅಂಕಪಟ್ಟಿಯ ಜೊತೆಗೆ, ಕಂಡ ಊರೊಂದರ ಕುರಿತು ಒಂದು ಪತ್ರವನ್ನೂ ಅಪೇಕ್ಷಿಸಲಿ. ಅಂಥ ಪತ್ರವು ಶಾಲೆಯ ಮಕ್ಕಳೆದುರು ಓದಲ್ಪಟ್ಟರೆ, ಒಬ್ಬನ ಪ್ರಯಾಣದ ವೆಚ್ಚದಲ್ಲಿ ನೂರು ಮಕ್ಕಳು ದೇಶ ಸುತ್ತಿದಂತಾಗುವುದು.