ಅದಿತಿ ಅಕ್ಕನ ಚೀಲ ಹೊತ್ತವರು

 

‘ಬೆಳೆಯುವ ಪೈರು ಮೊಳಕೆಯಲ್ಲಿ’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಮೊಳಕೆಗೆ ನೀರು ಹಾಕುವವರೂ ಬೇಕಲ್ವಾ? ಇದೇ ನನ್ನ ಪ್ರಶ್ನೆ.

ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ನಮ್ಮ ಕರ್ನಾಟಕದವರು. 1998ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಹುಟ್ಟಿದರು. 5ನೇ ವಯಸ್ಸಿಗೇ ಗಾಲ್ಫ್ ಕೋಲು ಹಿಡಿದರು. ಗಾಲ್ಫ್ ಎಂದರೆ ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆದು ದೂರದ ಕುಳಿಗೆ ಬೀಳಿಸುವ ಆಟ. ಒಟ್ಟು 18 ಕುಳಿ. ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಅವರೇ ಗೆದ್ದ ಹಾಗೆ. ಒಬ್ಬರಿಗೆ 14 ಕೋಲುಗಳವರೆಗೆ ಇರಬಹುದು. ಆ ಕೋಲುಗಳ ಚೀಲ ಹೊತ್ತು ಆಟಗಾರರ ಜೊತೆ ನಡೆಯುವವರಿಗೆ ಕ್ಯಾಡಿ ಅಂತಾರೆ.

2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋದಾಗ ಅದಿತಿಯವರಿಗೆ ಬರೀ 18 ವರ್ಷ. ಅಲ್ಲಿ ಅವರ ಚೀಲ ಹೊತ್ತವರು ಅಪ್ಪ. ಬಂದಿದ್ದು 41ನೇ ಸ್ಥಾನ. ಆದರೂ ಆಟ ಬಿಡಲಿಲ್ಲ. ಅದೇ ವರ್ಷ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದರು. ಯುರೋಪಿನ ಮಹಿಳಾ ಗಾಲ್ಫ್ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯರು ಅವರೇ.

2021ರಲ್ಲಿ ಟೋಕಿಯೋ ಒಲಿಂಪಿಕ್ಸ್. ಈ ಸಲ ಚೀಲ ಹೊತ್ತವರು ಅಮ್ಮ! ಆಟ 4 ದಿನ. 3 ದಿನ ಮುಗಿದಾಗ ಅದಿತಿ 2ನೇ ಸ್ಥಾನದಲ್ಲಿದ್ದರು. ಕೊನೆಗೆ 4ನೆಯವರಾದರು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಿಂದ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು. ಈ ಕೂಟದ ಗಾಲ್ಫ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು.

‘ಗಾಲ್ಫ್ ದುಡ್ಡಿನ ಆಟ ಕಣೇ, ನಮಗ್ಯಾಕೆ?’ ಎಂದು ಗೆಳತಿಯೊಬ್ಬಳು ಕೇಳಿದಳು. ದುಡ್ಡಿನ ಆಟ ಎನ್ನುವುದು ನಿಜ. ಆದರೆ ಅಪ್ಪ ಅಮ್ಮ ಮಗಳ ಜೊತೆ ಮೈದಾನಕ್ಕೆ ಬರೋದಕ್ಕೆ ದುಡ್ಡು ಬೇಕಾ?

ನಾನು ಖೋ-ಖೋ ಆಡುತ್ತೇನೆ. ಹೋದ ವರ್ಷ ನಮ್ಮ ತಂಡ ಹೋಬಳಿ ಮಟ್ಟಕ್ಕೆ ಹೋಯಿತು. ನಮ್ಮಲ್ಲೇ ಎಲ್ಲರಿಗಿಂತ ಜೋರಾಗಿ ಓಡುವವಳನ್ನು ಮನೆಯವರು ಕಳಿಸಲಿಲ್ಲ. ‘ದೊಡ್ಡೋಳಾಗಿದ್ದೀಯ, ಆಟ ಸಾಕು’ ಅಂದರಂತೆ. ನಾವು ಸೋತೆವು. ಸೋತಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಮಾರನೇ ದಿನ ಅವಳು ಬಂದು ‘ಎಷ್ಟು ಪಾಯಿಂಟಲ್ಲಿ ಹೋಯ್ತು?’ ಎಂದು ಕೇಳಿದಾಗ ಅಳು ಬಂತು. ಈ ವರ್ಷ ನಮ್ಮನೇಲೂ ಅದೇ ಮಾತು ಶುರುವಾಗಿದೆ.

ಹುಡುಗರಿಗೆ ಯಾರೂ ಹೀಗೆ ಹೇಳಲ್ಲ. 41ನೇ ಸ್ಥಾನ ಬಂದಾಗ ಅದಿತಿ ಆಟ ನಿಲ್ಲಿಸಿದ್ದರೆ ಬೆಳ್ಳಿ ಎಲ್ಲಿಂದ ಬರುತ್ತಿತ್ತು? ಆಡಿಸದೇ ಇದ್ದರೆ ನಾವು ಎಷ್ಟನೆಯವರು ಅಂತ ಗೊತ್ತಾಗೋದಾದರೂ ಹೇಗೆ?

ಗುರುಗಳಲ್ಲಿ ನನ್ನದೊಂದು ಬೇಡಿಕೆ. ಪೋಷಕರ ಸಭೆಯಲ್ಲಿ ದಯವಿಟ್ಟು ಇದನ್ನು ಓದಿ ಹೇಳಿ. ಕತ್ತಲಾಗುತ್ತೆ, ದೂರ ಆಗುತ್ತೆ ಎಂದು ಭಯವಿದ್ದರೆ ಈ ಸಲ ಅಪ್ಪನೋ ಅಮ್ಮನೋ ನಮ್ಮ ಜೊತೆಯಲ್ಲೇ ಬರಲಿ. ನಮ್ಮ ಹತ್ತಿರ 14 ಕೋಲಿನ ಚೀಲ ಇಲ್ಲ. ಬುತ್ತಿ ಚೀಲ ಒಂದೇ. ಅದನ್ನು ನಾವೇ ಹೊರುತ್ತೇವೆ.

— 7ನೇ ತರಗತಿ ವಿದ್ಯಾರ್ಥಿನಿ