ಎಲುಬಿನೊಳಗಿನ ಆಕರ

‘ಆಕರ’ವೆಂದರೆ ಗಣಿ, ಮೂಲವೆಂಬ ಅರ್ಥವೂ ಆ ಶಬ್ದಕ್ಕುಂಟು. ಎಲುಬಿನ ಮಜ್ಜೆಯಲ್ಲಿರುವ ಒಂದು ಬಗೆಯ ಜೀವಕೋಶಗಳಿಗೆ ಕನ್ನಡದಲ್ಲಿ ‘ಆಕರಕೋಶ’ವೆಂಬ ಹೆಸರು ಸಂದಿರುವುದರ ಔಚಿತ್ಯ ಕೋಲಾರದ ಚಿನ್ನದ ಗಣಿಯವರಿಗೆ ಬೇಗನೆ ಹೊಳೆದೀತು. ಗಣಿಯಿಂದೆತ್ತಿದ ಕಲ್ಲು ಹಾಗೆಯೇ ಚಿನ್ನವಲ್ಲ. ಅರೆದು ಶೋಧಿಸಿದ ಮೇಲೆ ಬಂಗಾರ. ಅಂತೆಯೇ ಈ ಆಕರಕೋಶವೂ ಮೊದಲಿನಿಂದಲೇ ಎಲುಬು ಕಟ್ಟುವ ಕೋಶವಲ್ಲ. ಅದು ಕೊಬ್ಬಿನ ಕೋಶವಾಗಬಹುದು, ಮೃದ್ವಸ್ಥಿಯ ಕೋಶವಾಗಬಹುದು, ಎಲುಬು ಕಟ್ಟುವ ಕೋಶವೂ ಆಗಬಹುದು. ವಯಸ್ಸೇರಿದಂತೆ ಕೊಬ್ಬಿನತ್ತ ವಾಲುವುದೇ ಹೆಚ್ಚು. ಅದಕ್ಕೆ ದಾರಿ ತೋರುವ ಹಲವು ಸೂಚನೆಗಳಲ್ಲಿ ವಿಟಮಿನ್ನುಗಳ ಪಾಲೂ ಉಂಟು.

ವಿಟಮಿನ್ ‘ಡಿ’ಯು ಬಿಸಿಲು ತಾಗಿದ ಚರ್ಮದಲ್ಲಿ ಹುಟ್ಟಿ, ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳಲ್ಲಿ ಮಾರ್ಪಟ್ಟು, ಆಹಾರದಲ್ಲಿನ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳಲು ನೆರವಾಗುತ್ತದೆ. ಇದೇ ಅದರ ಮುಖ್ಯ ಕಾರ್ಯ. ಅದು ಆಕರಕೋಶದೊಳಗೂ ಹೊಕ್ಕು, ಎಲುಬು ಕಟ್ಟುವುದಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ಎಚ್ಚರಿಸುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಎಲುಬಿನ ಹಂದರವಾದ ಕೊಲಾಜೆನ್ ಎಂಬ ನಾರು ವಿಟಮಿನ್ ‘ಸಿ’ ಇಲ್ಲದೆ ಗಟ್ಟಿಗೊಳ್ಳದು. ಆಕರಕೋಶಗಳನ್ನು ಎಲುಬಿನ ಕಡೆಗೆ ತಿರುಗಿಸಲು ವಿಜ್ಞಾನಿಗಳು ಬಳಸುವ ದ್ರಾವಣದಲ್ಲಿ ಅದನ್ನು ಬೆರೆಸುವುದು ವಾಡಿಕೆ. ಎಲುಬಿನ ಒಂದು ಪ್ರೋಟೀನು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳಲು ವಿಟಮಿನ್ ‘ಕೆ’ ಅವಶ್ಯ.

ಬಿಸಿಲು ಕಾಣದ ದುಡಿಮೆ ಕೆ.ಜಿ.ಎಫ್.ಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರಲ್ಲಿ ಗಣಿಗಳು ಮುಚ್ಚಿದುವು. ಆ ಬಳಿಕ ಅನೇಕರ ಜೀವನೋಪಾಯ ಬೆಂಗಳೂರಿಗೆ ಸರಿಯಿತು. ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ನಸುಕಿನಲ್ಲೇ ಕುಳಿತು, ಬಂಗಾರಪೇಟೆಯ ಮಾರ್ಗವಾಗಿ ರಾಜಧಾನಿ ಸೇರಿ, ಕತ್ತಲಾದ ಮೇಲೆ ಮನೆಗೆ ಮರಳುವವರ ಹಗಲೆಲ್ಲ ಸೂರಿನಡಿಯಲ್ಲೇ ಕಳೆಯುತ್ತದೆ. ಗಣಿಯ ಕತ್ತಲೆಯಿಂದ ಹೊರಬಂದ ಮನೆತನಗಳಿಗೂ ಬಿಸಿಲು ದಕ್ಕಿತೆನ್ನುವಂತಿಲ್ಲ. ಕಚೇರಿಯ ಗಾಜಿನ ಕಿಟಕಿಯಿಂದ ಬೆಳಕು ಬಂದರೂ, ವಿಟಮಿನ್ ‘ಡಿ’ ಹುಟ್ಟಿಸುವ ಕಿರಣವು ಆ ಗಾಜನ್ನು ದಾಟಿ ಬಾರದು.

ಕೊರತೆ ತುಂಬುವ ಸಾಮಗ್ರಿ ಬಹುಪಾಲು ಮನೆಯ ಬಳಿಯಲ್ಲೇ ಉಂಟು. ಕೋಲಾರದ ಸೀಮೆಯ ರಾಗಿಯಲ್ಲಿ, 100 ಗ್ರಾಮಿಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ‘ಸಿ’ಯೂ, ಹಸುರು ಸೊಪ್ಪುಗಳಲ್ಲಿ ‘ಕೆ’ಯೂ ದೊರೆಯುತ್ತವೆ. ‘ಡಿ’ ಮಾತ್ರ ಆಹಾರದಲ್ಲಿ ವಿರಳ. ಅದಕ್ಕೆ ಬಿಸಿಲೇ ಮುಖ್ಯ. ರಜೆಯ ದಿನ ಮಧ್ಯಾಹ್ನದ ಸುಮಾರಿಗೆ ಕೈಕಾಲುಗಳಿಗೆ ತುಸುಹೊತ್ತು ಬಿಸಿಲು ಬೀಳುವಂತೆ ಅಂಗಳದಲ್ಲಿ ಕುಳಿತರೆ ಲಾಭವಿದೆ. ಆದರೆ ವೈದ್ಯರನ್ನು ಕೇಳದೆ ‘ಡಿ’ ಗುಳಿಗೆಗಳನ್ನು ಮನಬಂದಂತೆ ನುಂಗಬಾರದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕೇಡು. ಮನೆಯ ಹಿರಿಯರಿಗೆ ಮೈಕೈ ನೋವು, ನಿಶ್ಶಕ್ತಿ ಬಹುದಿನ ಉಳಿದಿದ್ದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ, ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಲೇಸು.