ದಾಳ ಉರುಳಿಸಿ ಪಡೆದ ಸ್ವಭಾವ

ಕಲ್ಪನಾಲೋಕದ ರೋಲ್‌ಪ್ಲೇ ಆಟಗಳಲ್ಲಿ ಮಾಂತ್ರಿಕನಿಗೆ ಆಗಿರುವಷ್ಟು ಅನ್ಯಾಯ ಬೇರಾವ ಪಾತ್ರಕ್ಕೂ ಆಗಿಲ್ಲವೆಂಬುದು ನಮ್ಮ ದೂರು. ಯೋಧನ ಪಾತ್ರ ವಹಿಸುವವನು ತನ್ನ ಯೋಧನಿಗೆ ಊರೊಂದನ್ನು, ವೈರಿಯೊಬ್ಬನನ್ನು, ತೀರಿಸಲಾಗದ ಸಾಲವೊಂದನ್ನು ಕೊಡುತ್ತಾನೆ. ಕಳ್ಳನಿಗೂ ತಾಯಿ ಇರುತ್ತಾಳೆ. ಮಾಂತ್ರಿಕನಿಗೆ ಸಿಗುವುದು ಮಾತ್ರ ಒಂದು ವಿಚಿತ್ರ ಟೋಪಿ, ಒಂದು ಮರೆವು, ಮಾತನಾಡುವ ಬೆಕ್ಕು, ಗಳಿಗೆಗೊಮ್ಮೆ ಸೀನುವ ಚಟ. ಇಷ್ಟನ್ನು ಅಂಟಿಸಿ ‘ನನ್ನ ಪಾತ್ರಕ್ಕೆ ವಿಶಿಷ್ಟ ವ್ಯಕ್ತಿತ್ವವಿದೆ’ ಎಂದು ಆಟಗಾರನು ಬೀಗುತ್ತಾನೆ. ವಿದ್ಯೆಯೊಂದನ್ನೇ ಬಲವಾಗಿ ಉಳ್ಳ ಪಾತ್ರವನ್ನು ವಿದೂಷಕನನ್ನಾಗಿಸುವ ಈ ಪರಿಪಾಠವನ್ನು ನಾವು ಒಪ್ಪುವುದಿಲ್ಲ.

ಆಟವನ್ನು ಕಂಡಿರದ ಓದುಗರಿಗಾಗಿ ಎರಡು ಮಾತು. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲ. ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ಕಥೆಯನ್ನು ನಡೆಸುತ್ತಾನೆ, ಉಳಿದವರು ತಂತಮ್ಮ ಪಾತ್ರಗಳ ಮಾತನ್ನು ಸ್ಥಳದಲ್ಲೇ ಕಟ್ಟಿ ಆಡುತ್ತಾರೆ, ಫಲಾಫಲವನ್ನು ದಾಳ ನಿರ್ಣಯಿಸುತ್ತದೆ. ದಾಳವೊಂದನ್ನು ಬಿಟ್ಟರೆ ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದು ಕಡಿಮೆ: ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ತಾಳಮದ್ದಳೆಯ ಅರ್ಥಧಾರಿಯೊಬ್ಬರು ಕರ್ಣನಿಗೆ ಬಿಕ್ಕಳಿಕೆಯನ್ನು ಜೋಡಿಸಿ ಅವನನ್ನು ‘ವಿಶಿಷ್ಟ’ನನ್ನಾಗಿ ಮಾಡಿದರೆಂದು ನಾವು ಎಲ್ಲಿಯೂ ಕೇಳಿಲ್ಲ. ಒಬ್ಬರ ಕರ್ಣ ಇನ್ನೊಬ್ಬರ ಕರ್ಣನಿಂದ ಬೇರೆಯಾಗುವುದು ದುರ್ಯೋಧನನ ಋಣವನ್ನು ಅವನು ಹೇಗೆ ತೂಗುತ್ತಾನೆ ಎಂಬಲ್ಲಿ.

2014ರಲ್ಲಿ ಬಂದ ಐದನೆಯ ಆವೃತ್ತಿಯ ನಿಯಮಪುಸ್ತಕವು ಸ್ವಭಾವಕ್ಕೂ ಕೋಷ್ಟಕಗಳನ್ನು ಒದಗಿಸಿತು. ದಾಳ ಉರುಳಿಸಿದರೆ ಒಂದು ಗುಣ, ಇನ್ನೊಮ್ಮೆ ಉರುಳಿಸಿದರೆ ಒಂದು ಆದರ್ಶ, ಮತ್ತೆ ಒಂದು ನಂಟು, ಒಂದು ದೋಷ. ಹೊಸಬರ ಸಂಕೋಚ ಕಳೆಯಲು ಇದು ಉಪಾಯವೇ ಹೌದು. ಆದರೆ ನಡೆದದ್ದೇನು? ಆದರ್ಶ ಮತ್ತು ನಂಟು ಹಾಳೆಯ ಮೂಲೆಯಲ್ಲಿ ಉಳಿದುಹೋದವು. ಮೇಜಿನ ಮೇಲೆ ಆಡಿಸಲು ಸುಲಭವಾದ ಚೇಷ್ಟೆಯೊಂದೇ ಮೇಲೆದ್ದು ಬಂತು.

ಈ ಚೇಷ್ಟೆಗಳೆಲ್ಲ ಎಲ್ಲಿಂದ ಬಂದವು ಎಂದು ಹುಡುಕಿದರೆ ಎರವಲಿನ ಅಂದಗೇಡಿತನ ಇನ್ನೂ ಸ್ಪಷ್ಟವಾಗುತ್ತದೆ. ಟಿ. ಎಚ್. ವೈಟ್ 1938ರಲ್ಲಿ ಬರೆದ ‘ದ ಸ್ವೋರ್ಡ್ ಇನ್ ದ ಸ್ಟೋನ್’ ಕಾದಂಬರಿಯ ಮರ್ಲಿನ್ ಗೊಂದಲದ ಮುದುಕ. ಅವನ ಮನೆಯ ತುಂಬ ಸಾಮಾನು, ಜೊತೆಗೊಂದು ಗೂಬೆ. ಆದರೆ ಅವನ ಗೊಂದಲಕ್ಕೆ ಕಾರಣವಿದೆ: ಅವನು ಕಾಲದಲ್ಲಿ ಹಿಂದುಮುಂದಾಗಿ ಬದುಕುತ್ತಾನೆ. ನಮಗೆ ನಾಳೆಯಾದದ್ದು ಅವನಿಗೆ ನಿನ್ನೆ. ತಾನು ಪ್ರೀತಿಯಿಂದ ಪಾಠ ಹೇಳುತ್ತಿರುವ ಹುಡುಗನ ಮುಂದಿನ ಗತಿ ಅವನಿಗೆ ಆಗಲೇ ಗೊತ್ತು. ಅನುಕರಿಸಿದವರು ಗೂಬೆಯನ್ನು ಹಿಡಿದುಕೊಂಡರು, ಆ ಸಂಕಟವನ್ನು ಕೈಬಿಟ್ಟರು.

1984ರಲ್ಲಿ ಈ ಆಟದ ಬಳಗದಿಂದಲೇ ಹುಟ್ಟಿದ ‘ಡ್ರ್ಯಾಗನ್‌ಲಾನ್ಸ್’ ಕಾದಂಬರಿಗಳ ರೈಸ್ಟ್ಲಿನ್‌ನ ಗತಿಯೂ ಇಷ್ಟೇ. ಬಂಗಾರದ ಬಣ್ಣದ ಚರ್ಮ, ಮರಳುಗಡಿಯಾರದ ಆಕಾರದ ಕಣ್ಪಾಪೆ, ಬಿಡದ ಕೆಮ್ಮು, ಪಿಸುಮಾತು. ಇವೆಲ್ಲ ಅವನು ಮಾಂತ್ರಿಕರ ಪರೀಕ್ಷೆಯಲ್ಲಿ ಗೆಲ್ಲಲು ತೆತ್ತ ಬೆಲೆ. ಆ ಕಣ್ಣಿಗೆ ಕಂಡದ್ದೆಲ್ಲ ಮುಪ್ಪಾಗುತ್ತ, ಕೊಳೆಯುತ್ತ ಕಾಣುತ್ತದೆ. ಹೀಗಿರುವವನು ಸುಂದರ ಮುಖವನ್ನು ಹೇಗೆ ನೋಡಿಯಾನು? ಅವನ ಕ್ರೌರ್ಯಕ್ಕೂ, ದುರ್ಬಲರ ಮೇಲೆ ಮಾತ್ರ ಅವನಿಗಿರುವ ಕನಿಕರಕ್ಕೂ ಬೇರು ಅಲ್ಲಿದೆ. ಮೇಜಿನಿಂದ ಮೇಜಿಗೆ ದಾಟಿ ಬಂದದ್ದು ಕೆಮ್ಮು ಮಾತ್ರ.

ಚಟವೆಂಬುದು ನಂಬಿಕೆಯಿಂದ ಹುಟ್ಟಿದರೆ ಹೇಗಿರುತ್ತದೆಂಬುದಕ್ಕೆ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ ಓಜಿಯನ್ ಸಾಕ್ಷಿ. ಮಳೆ ಬಂದರೆ ಇತರ ಮಾಂತ್ರಿಕರು ಮೋಡವನ್ನು ಬೇರೆಡೆಗೆ ಅಟ್ಟುತ್ತಾರೆ. ಓಜಿಯನ್ ಅಟ್ಟುವುದಿಲ್ಲ, ಮಳೆಯನ್ನು ಬೀಳಲು ಬಿಟ್ಟು ಮರದಡಿಯಲ್ಲಿ ಮಲಗುತ್ತಾನೆ. ಶಿಷ್ಯ ಗೆಡ್‌ಗೆ ಗುರು ಹುಚ್ಚನಂತೆ ಕಾಣುತ್ತಾನೆ. ಲೋಕದ ಸಮತೋಲವನ್ನು ಅಗತ್ಯವಿಲ್ಲದೆ ಕದಲಿಸಬಾರದೆಂಬ ಅರಿವು ಆ ನೆನೆದ ಬಟ್ಟೆಯಲ್ಲಿದೆಯೆಂದು ಗೆಡ್‌ಗೆ ತಿಳಿಯುವುದು ತನ್ನ ಗರ್ವದಿಂದ ಒಂದು ನೆರಳನ್ನು ಲೋಕಕ್ಕೆ ಬಿಟ್ಟು, ಮುಖದ ಮೇಲೆ ಗಾಯದ ಗುರುತು ಹೊತ್ತ ಬಳಿಕ.

ಇಷ್ಟು ದೂರ ಹೋಗುವುದೂ ಬೇಡ. ಆಟದ ನಿಯಮಗಳೇ ಮಾಂತ್ರಿಕನ ಬದುಕನ್ನು ನಮ್ಮ ಮುಂದೆ ಹರಡಿವೆ, ಓದುವವರಿಲ್ಲ. ಐದನೆಯ ಆವೃತ್ತಿಯ ಮಾಂತ್ರಿಕನು ಶಕ್ತಿಯನ್ನು ಹುಟ್ಟಿನಿಂದ ಪಡೆದವನಲ್ಲ, ಯಾವ ದೈವದ ಕರಾರಿನಿಂದಲೂ ಪಡೆದವನಲ್ಲ, ಓದಿ ಪಡೆದವನು. ಅವನ ಬಳಿ ಆರು ಮಂತ್ರಗಳಿರುವ ಒಂದು ಪುಸ್ತಕವಿದೆ. ಪರರ ಮಂತ್ರವನ್ನು ಅದರಲ್ಲಿ ಇಳಿಸಿಕೊಳ್ಳಬೇಕಾದರೆ ಮೊದಲು ಆ ಇನ್ನೊಬ್ಬನ ಸಂಕೇತಲಿಪಿಯನ್ನು ಬಿಡಿಸಬೇಕು, ಏಕೆಂದರೆ ಪ್ರತಿಯೊಬ್ಬ ಮಾಂತ್ರಿಕನ ಬರವಣಿಗೆಯ ಪದ್ಧತಿ ಬೇರೆ. ಮಂತ್ರದ ಒಂದೊಂದು ಮಟ್ಟಕ್ಕೂ 2 ಗಂಟೆ ಕಾಲ, 50 ಚಿನ್ನದ ನಾಣ್ಯ ಖರ್ಚು. ಅದೇ ಪುಸ್ತಕದಲ್ಲಿ ಕಸುಬು ತಿಳಿಯದ ಕೂಲಿಯಾಳಿಗೆ ದಿನಕ್ಕೆ 2 ಬೆಳ್ಳಿ ನಾಣ್ಯ. 10 ಬೆಳ್ಳಿಗೆ ಒಂದು ಚಿನ್ನ. ಲೆಕ್ಕ ಹಾಕಿ ನೋಡಿ: ಅತ್ಯಂತ ಸಣ್ಣ ಮಂತ್ರವೊಂದನ್ನು ನಕಲು ಮಾಡಲು ಒಬ್ಬ ಕೂಲಿಯಾಳಿನ 250 ದಿನಗಳ ದುಡಿಮೆ ಶಾಯಿಯಾಗಿ ಕರಗುತ್ತದೆ.

ಕೂಲಿಕಾರನ ಮಗನೊಬ್ಬ ಮಾಂತ್ರಿಕನಾದರೆ ಅವನ ಅಕ್ಷರ ಸಾಸಿವೆಯಷ್ಟು ಸಣ್ಣದಿರುವುದಿಲ್ಲವೇ? ಬಿದ್ದ ಶಾಯಿಯ ಹನಿಯನ್ನು ಒರೆಸದೆ ಮತ್ತೆ ಲೇಖನಿಗೆ ಹೀರಿಸಿಕೊಳ್ಳುವುದಿಲ್ಲವೇ? ಪುಸ್ತಕವನ್ನು ತಲೆದಿಂಬಿನಡಿಯಲ್ಲಿಟ್ಟು ಮಲಗುವ ಅವನು, ಶ್ರೀಮಂತ ಸಹಪಾಠಿಯು ಮಂತ್ರವೊಂದನ್ನು ನಗೆಚಾಟಿಕೆಗೆ ಪ್ರಯೋಗಿಸಿದಾಗ ಏಕೆ ಎದ್ದು ಹೊರಗೆ ಹೋಗುತ್ತಾನೆಂಬುದನ್ನು ಯಾವ ಕೋಷ್ಟಕವೂ ಹೇಳಬೇಕಾಗಿಲ್ಲ. ಇನ್ನು ಬೆಂಕಿಯುಂಡೆಯ ಮಂತ್ರಕ್ಕೆ ಬೇಕಾದ ಸಾಮಗ್ರಿ ಬಾವಲಿಯ ಹಿಕ್ಕೆ ಮತ್ತು ಗಂಧಕ. ಆಟಗಾರರು ‘ಸಾಮಗ್ರಿಯ ಚೀಲವಿದೆ’ ಎಂದು ಹಾಳೆಯಲ್ಲಿ ಬರೆದು ಇದನ್ನು ದಾಟಿಬಿಡುತ್ತಾರೆ. ಆ ಚೀಲವನ್ನು ಯಾರು ತುಂಬಿದರು? ಬೆರಳಲ್ಲಿ ಆ ವಾಸನೆ ಹೊತ್ತವನ ಕೈಯಿಂದ ಸಂಗಡಿಗರು ರೊಟ್ಟಿ ತೆಗೆದುಕೊಳ್ಳುತ್ತಾರೆಯೇ? ತೆಗೆದುಕೊಳ್ಳದಿದ್ದರೆ, ತಮ್ಮ ಪ್ರಾಣ ಉಳಿಸಿದ್ದು ಅದೇ ಕೈಯೆಂದು ಅವನು ಒಮ್ಮೆಯಾದರೂ ಎತ್ತಿ ಆಡುತ್ತಾನೆಯೇ, ಅಥವಾ ಪ್ರತಿ ರಾತ್ರಿ ಸುಮ್ಮನೆ ಬೇರೆ ಕುಳಿತು ಉಣ್ಣುತ್ತಾನೆಯೇ? ಬಾವಲಿಯ ಹಿಕ್ಕೆ ಗೈಗ್ಯಾಕ್ಸ್‌ರ ಕಾಲದ ತಮಾಷೆಯೆಂದು ಬಲ್ಲವರು ಹೇಳಿಯಾರು. ಇರಲಿ, ತಮಾಷೆಯೊಳಗೆ ಇಷ್ಟು ಅನ್ನವಿದೆ.

‘ಇದು ಆಟ, ವಾರಕ್ಕೊಮ್ಮೆ ಕೂತು ನಗುವುದಕ್ಕೆ’ ಎಂಬ ಆಕ್ಷೇಪ ಬಂದೇ ಬರುತ್ತದೆ. ನಗೆಗೆ ನಾವು ವಿರೋಧಿಗಳಲ್ಲ. ಒಂದು ಸಂಜೆ ಬಂದು ಹೋಗುವ ಅಂಗಡಿಯವನಿಗೆ ತೊದಲು ಸಾಕು. ಆದರೆ ಇಂಥ ಕಥೆಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ನಡೆಯುತ್ತವೆ; ಮೂರನೆಯ ವಾರಕ್ಕೆ ಸೀನು ಹಳಸುತ್ತದೆ, ಆಟಗಾರನು ಪಾತ್ರವನ್ನೇ ಕೊಂದು ಹೊಸ ಟೋಪಿಯ ಇನ್ನೊಬ್ಬನನ್ನು ತರುತ್ತಾನೆ.

ನಮ್ಮ ಕೋಪಕ್ಕೆ ಇನ್ನೊಂದು ಕಾರಣವೂ ಉಂಟು. ಕನ್ನಡ ಚಲನಚಿತ್ರಗಳು ಕನ್ನಡ ಮೇಷ್ಟರಿಗೆ ಮಾಡಿದ್ದೂ ಇದನ್ನೇ. ಮೂಗಿನ ತುದಿಗೆ ಜಾರಿದ ಕನ್ನಡಕ, ಗ್ರಾಂಥಿಕ ಭಾಷೆ, ಸುತ್ತ ಹುಡುಗರ ನಗೆ. ಆತನು ಏನನ್ನು ಓದಿದ, ಓದಿದ್ದು ಆತನನ್ನು ಏನು ಮಾಡಿತು ಎಂದು ಕೇಳಿದ ಚಿತ್ರಗಳು ಬೆರಳೆಣಿಕೆಯವು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಬೆಳೆದು ಕನ್ನಡವನ್ನು ಹೆಚ್ಚಾಗಿ ತೆರೆಯ ಮೇಲೆಯೇ ಕೇಳುವ ನಮ್ಮ ಮಕ್ಕಳು ಓದಿದವನನ್ನು ಆ ರೂಪದಲ್ಲಿ ಕಂಡಿದ್ದಾರೆ. ಅವರೇ ಈಗ ಈ ಮೇಜುಗಳಿಗೂ ಬಂದು ಕೂರುತ್ತಿದ್ದಾರೆ. ಓದನ್ನೇ ಉಸಿರಾಗಿಸಿಕೊಂಡ ಮನುಷ್ಯನೊಬ್ಬನನ್ನು ಒಳಗಿನಿಂದ ಕಲ್ಪಿಸಿಕೊಳ್ಳುವ ಅವಕಾಶ ಅವರಿಗೆ ಇಲ್ಲಿ ಉಚಿತವಾಗಿ ದೊರೆತಿದೆ. ಅಲ್ಲಿಯೂ ಜಾರಿದ ಕನ್ನಡಕವನ್ನೇ ತೊಡಿಸುವುದೇ?

ಆದ್ದರಿಂದ ಮಾಂತ್ರಿಕನೊಂದಿಗೆ ಮೇಜಿಗೆ ಬರುವವರಲ್ಲಿ ನಾವು ಕೇಳುವುದು ಇಷ್ಟು. ಅವನ ಪುಸ್ತಕದ ಮೊದಲ ಆರು ಮಂತ್ರಗಳು ಯಾರ ಕೈಬರಹದಿಂದ ಬಂದವು? ಅವನ್ನು ಕಲಿಸಿದವರು ಇನ್ನೂ ಬದುಕಿದ್ದಾರೆಯೇ? ತನಗೆ ಬರುವ ಯಾವ ಮಂತ್ರವನ್ನು ಅವನು ಎಂದೂ ಬಳಸಲಾರ? ಆ ಆರರಲ್ಲಿ ಒಂದನ್ನಾದರೂ ಅವನು ಕದ್ದಿದ್ದರೆ, ಯಾರಿಂದ ಕದ್ದನೆಂದು ಮೊದಲು ಹೇಳಲಿ; ಟೋಪಿಯ ಬಣ್ಣವನ್ನು ಆಮೇಲೆ ವಿಚಾರಿಸೋಣ.